ಚಿಕ್ಕ ಫೋರ್‌ವೀಲ್ ಡ್ರೈವ್, ದೂರದ ಕಚ್ಚಾ ದಾರಿ: ತೂಕದಿಂದ ಶುರುವಾಗುವ ಸಿದ್ಧತೆ

ವಾಹನದ ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ಟಿನ ಅಡಿಯಲ್ಲೋ ಒಂದು ಚಿಕ್ಕ ಫಲಕವಿರುತ್ತದೆ. ಅದರ ಮೇಲಿನ ಸಂಖ್ಯೆಗಳಲ್ಲಿ ಒಂದು, ಆ ವಾಹನ ತನ್ನ ಮೈತೂಕವನ್ನೂ ಸೇರಿಸಿ ಒಟ್ಟು ಎಷ್ಟು ಕಿಲೋ ತೂಗಬಹುದು ಎಂಬುದನ್ನು ಹೇಳುತ್ತದೆ. ಚಿಕ್ಕ ಫೋರ್‌ವೀಲ್ ಡ್ರೈವ್ ವಾಹನವನ್ನು ದೀರ್ಘವಾದ ಕಚ್ಚಾ ದಾರಿಯ ಪ್ರಯಾಣಕ್ಕೆ ಅಣಿಗೊಳಿಸಲು ಹೊರಟವರು ವಿಂಚ್ (ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ), ದೀಪ, ಮೇಲ್ಚಾವಣಿಯ ಕ್ಯಾರಿಯರ್‌ಗಳ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಮೊದಲು ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮುಂದಿನ ಪ್ರತಿಯೊಂದು ತೀರ್ಮಾನವೂ ಇದರ ಎಲ್ಲೆಯೊಳಗೇ ಆಗಬೇಕಾಗುತ್ತದೆ.

ಚಿಕ್ಕ ವಾಹನದ ದೊಡ್ಡ ಶಕ್ತಿ ಅದರ ಹಗುರತನ. ದೊಡ್ಡ ಗಾಡಿ ಹೂತುಹೋಗುವ ಮರಳಿನ ಮೇಲೆ ಅದು ತೇಲಿದಂತೆ ಸಾಗುತ್ತದೆ, ಕಿರಿದಾದ ಕೊರಕಲಿನಲ್ಲಿ ನುಸುಳುತ್ತದೆ, ಸಿಕ್ಕಿಬಿದ್ದರೂ ಇಬ್ಬರು ಸೇರಿ ಬಿಡಿಸಬಹುದು. 2007ರಲ್ಲಿ ಚಿಲಿ ದೇಶದ ಚಾಲಕರು ಮಾರ್ಪಡಿಸಿದ ಸುಜುಕಿ ಸಮುರಾಯ್ ಒಂದನ್ನು ಓಹೋಸ್ ದೆಲ್ ಸಲಾದೊ ಜ್ವಾಲಾಮುಖಿಯ ಇಳಿಜಾರಿನಲ್ಲಿ 6,688 ಮೀಟರ್ ಎತ್ತರದವರೆಗೆ ಹತ್ತಿಸಿದಾಗ, ಅವರು ಆರಿಸಿಕೊಂಡದ್ದು ಭಾರಿ ಎಂಜಿನ್ನಿನ ದೈತ್ಯ ವಾಹನವನ್ನಲ್ಲ, ಇಂಥದೊಂದು ಪುಟ್ಟ ಗಾಡಿಯನ್ನು ಎಂಬುದು ಗಮನಾರ್ಹ. ಆದರೆ ಈ ಹಗುರತನ ಖರ್ಚಾಗುವ ಸೊತ್ತು. ಸೇರಿಸಿದ ಒಂದೊಂದು ಕಿಲೋ ಕೂಡ ಅದರಿಂದ ಒಂದಿಷ್ಟನ್ನು ಕಳೆಯುತ್ತದೆ.

ಉದಾಹರಣೆಗೆ 2018ರಲ್ಲಿ ಬಂದ ಮೂರು ಬಾಗಿಲ ಸುಜುಕಿ ಜಿಮ್ನಿಯನ್ನು ತೆಗೆದುಕೊಳ್ಳೋಣ. ಅದರ ಖಾಲಿ ತೂಕ ಸುಮಾರು 1,100 ಕಿಲೋ, ಒಟ್ಟು ತೂಕದ ಮಿತಿ 1,435 ಕಿಲೋ. ಅಂದರೆ ಹೊರಬಹುದಾದ ಹೊರೆ ಸುಮಾರು 335 ಕಿಲೋ. ಇಬ್ಬರು ವಯಸ್ಕರು ಕುಳಿತರೆ 150 ಕಿಲೋ ಹೋಯಿತು, ಉಳಿದದ್ದು 185. ಈಗ ಜಾಹೀರಾತುಗಳಲ್ಲಿ ಕಾಣುವ ಬಗೆಯಲ್ಲಿ ಗಾಡಿಯನ್ನು ಸಿಂಗರಿಸಿದರೆ ಏನಾಗುತ್ತದೆಂದು ನೋಡಿ. ಉಕ್ಕಿನ ಮುಂಬಂಪರ್ 40 ಕಿಲೋ, ವಿಂಚ್ 28 ಕಿಲೋ, ಕ್ಯಾರಿಯರ್ 25 ಕಿಲೋ, ಮೇಲ್ಚಾವಣಿಯ ಡೇರೆ 55 ಕಿಲೋ ಎಂದು ಇಟ್ಟುಕೊಂಡರೂ 148 ಕಿಲೋ ಆಗುತ್ತದೆ. ಒಂದು ಹನಿ ನೀರನ್ನೂ ಒಂದು ಸ್ಪ್ಯಾನರನ್ನೂ ಇಡುವ ಮೊದಲೇ ಉಳಿದದ್ದು 37 ಕಿಲೋ! ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದವರಿಗೆ ಯಾವುದನ್ನು ಬಿಡಬೇಕೆಂದು ಬೇರೆಯವರು ಹೇಳಬೇಕಾಗುವುದಿಲ್ಲ.

ಕಾಗದದ ಲೆಕ್ಕವೂ ಪೂರ್ತಿ ಸಾಲದು. ಖಾಲಿ ತೂಕ ಎಂಬ ಅಂಕಿಯಲ್ಲಿ ಟ್ಯಾಂಕಿನ ಇಂಧನ ಸೇರಿದೆಯೇ, ಚಾಲಕನ ತೂಕ ಸೇರಿದೆಯೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದ್ದರಿಂದ ವಾಹನವನ್ನು ಪ್ರಯಾಣಕ್ಕೆ ಹೊರಡುವಂತೆಯೇ ತುಂಬಿಸಿ, ಕೂರಬೇಕಾದವರನ್ನು ಕೂರಿಸಿ, ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಬೇಕು. ಸಾಧ್ಯವಾದರೆ ಮುಂದಿನ ಅಚ್ಚು ಮತ್ತು ಹಿಂದಿನ ಅಚ್ಚುಗಳನ್ನು ಬೇರೆಬೇರೆಯಾಗಿ ತೂಗಬೇಕು. ಏಕೆಂದರೆ ಅಚ್ಚುಗಳಿಗೂ ಅವುಗಳದೇ ಮಿತಿಗಳಿವೆ, ಮತ್ತು ಚಿಕ್ಕ ಗಾಡಿಯಲ್ಲಿ ಸಾಮಾನೆಲ್ಲ ಹಿಂದಿನ ಚಕ್ರಗಳ ಮೇಲೋ ಅವುಗಳಿಗೂ ಹಿಂದೆಯೋ ಬಂದು ಬೀಳುತ್ತದೆ. ಹಿಂದಿನ ಆಸನಗಳು ಬೇಕಿಲ್ಲವಾದರೆ ಅವನ್ನು ಕಳಚಿಡುವುದು ಸಿದ್ಧತೆಯ ಅತ್ಯುತ್ತಮ ಮೊದಲ ಹೆಜ್ಜೆ. ತೂಕವೂ ಇಳಿಯುತ್ತದೆ, ಭಾರದ ವಸ್ತುಗಳನ್ನು ಎರಡು ಅಚ್ಚುಗಳ ನಡುವೆ, ನೆಲಕ್ಕೆ ಹತ್ತಿರವಾಗಿ, ಮುಂದಿನ ಆಸನಗಳ ಬೆನ್ನಿಗೇ ಇಟ್ಟು ಬಿಗಿಯಲು ಜಾಗವೂ ಸಿಗುತ್ತದೆ. ಮೇಲ್ಚಾವಣಿಯ ಮಾತು ಬಂದರೆ, ಕಾರ್ಖಾನೆಯ ಕೈಪಿಡಿ ಜಿಮ್ನಿಯಂಥ ಗಾಡಿಗೆ ಅನುಮತಿಸುವುದು 30 ಕಿಲೋ ಆಸುಪಾಸಿನ ಹೊರೆಯನ್ನು ಮಾತ್ರ. ಅಗಲ ಕಡಿಮೆ, ಎತ್ತರ ಹೆಚ್ಚು ಇರುವ ಗಾಡಿಯ ತಲೆಯ ಮೇಲೆ ಭಾರ ಹೇರಿದರೆ ಪಕ್ಕಕ್ಕೆ ವಾಲಿದ ದಾರಿಯಲ್ಲಿ ಅದು ಉರುಳುವ ಕೋನವೇ ಬದಲಾಗಿಬಿಡುತ್ತದೆ. ಮೇಲೆ ಇಡಲೇಬೇಕೆಂದಿದ್ದರೆ ಹಾಸಿಗೆ, ಬಟ್ಟೆಯಂಥ ಹಗುರ ವಸ್ತುಗಳನ್ನಷ್ಟೇ ಇಡುವುದು ಸರಿ.

ನಾಲ್ಕು ಚಕ್ರಗಳೂ ಎಳೆಯುತ್ತಿವೆಯೇ?

ಚಿಕ್ಕ ಫೋರ್‌ವೀಲ್ ಡ್ರೈವ್‌ಗಳೆಲ್ಲ ಒಂದೇ ಬಗೆಯವಲ್ಲ. 1977ರಿಂದ ತಯಾರಾಗುತ್ತಿರುವ ಲಾಡಾ ನಿವಾದಲ್ಲಿ ನಾಲ್ಕೂ ಚಕ್ರಗಳು ಸದಾ ಎಳೆಯುತ್ತಿರುತ್ತವೆ. ನಡುವೆ ಒಂದು ಡಿಫರೆನ್ಷಿಯಲ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ, ಇದೆ, ಬೇಕೆಂದಾಗ ಅದನ್ನು ಲಾಕ್ ಮಾಡಬಹುದು. ಜಿಮ್ನಿಯಲ್ಲಿ ನಡುವಿನ ಡಿಫರೆನ್ಷಿಯಲ್ ಇಲ್ಲ; ಮಾಮೂಲಿಯಾಗಿ ಹಿಂದಿನ ಚಕ್ರಗಳು ಮಾತ್ರ ಎಳೆಯುತ್ತವೆ, ಲಿವರ್ ಎಳೆದಾಗ ಮುಂದಿನವು ಜೊತೆಗೂಡುತ್ತವೆ. ಈ ವ್ಯತ್ಯಾಸ ಅರ್ಥವಾಗದಿದ್ದರೆ ಗಾಡಿಗೆ ಹಾನಿ ಖಚಿತ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ನಡುವೆ ಡಿಫರೆನ್ಷಿಯಲ್ ಇಲ್ಲದಾಗ ಈ ವ್ಯತ್ಯಾಸವನ್ನು ಟೈರುಗಳು ಜಾರಿ ತೀರಿಸಿಕೊಳ್ಳಬೇಕು. ಸಡಿಲ ಮಣ್ಣಿನಲ್ಲಿ ಅವು ಸುಲಭವಾಗಿ ಜಾರುತ್ತವೆ. ಒಣ ಡಾಂಬರಿನ ಮೇಲೆ ಜಾರಲಾರದೆ ಆ ಬಿಗಿತವೆಲ್ಲ ಶಾಫ್ಟು ಮತ್ತು ಗೇರುಗಳೊಳಗೆ ತಿರುಚಿಕೊಂಡು ಕೂರುತ್ತದೆ.

ಹೊರಡುವ ಮೊದಲು, ಮುಂದಿನ ಚಕ್ರಗಳು ನಿಜಕ್ಕೂ ಎಳೆಯುತ್ತಿವೆಯೇ ಎಂಬುದನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಡ್ಯಾಶ್‌ಬೋರ್ಡಿನ ದೀಪವನ್ನು ನಂಬಿದರೆ ಸಾಲದು. ಜಿಮ್ನಿಯಲ್ಲಿ ಚಕ್ರವನ್ನು ಶಾಫ್ಟಿಗೆ ಜೋಡಿಸುವ ಮುಂದಿನ ಹಬ್‌ಗಳು ಎಂಜಿನ್ನಿನ ನಿರ್ವಾತದ ಬಲದಿಂದ ಬೆಸೆದುಕೊಳ್ಳುತ್ತವೆ. ಆ ನಿರ್ವಾತದ ಕೊಳವೆಯೋ ಸೀಲೋ ಹಳತಾಗಿ ಬಿರುಕುಬಿಟ್ಟರೆ, ದೀಪ ಹೊತ್ತಿಕೊಂಡಿದ್ದರೂ ಮುಂದಿನ ಚಕ್ರಗಳು ಸುಮ್ಮನೆ ಉರುಳುತ್ತಿರುತ್ತವೆ. ಸಡಿಲ ಮಣ್ಣಿನ ಏರಿನಲ್ಲಿ ಒಬ್ಬರು ಓಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ದೂರ ನಿಂತು ನೋಡಿದರೆ ಸತ್ಯ ತಿಳಿಯುತ್ತದೆ. ದೂರದ ಪ್ರಯಾಣ ಮಾಡುವ ಅನೇಕರು ಈ ಹಬ್‌ಗಳ ಬದಲು ಕೈಯಿಂದ ತಿರುಗಿಸಿ ಲಾಕ್ ಮಾಡುವ ಹಬ್‌ಗಳನ್ನು ಹಾಕಿಸಿಕೊಳ್ಳುತ್ತಾರೆ. ಇಳಿದು ತಿರುಗಿಸುವ ಶ್ರಮವಿದ್ದರೂ ಅನುಮಾನಕ್ಕೆ ಎಡೆಯಿಲ್ಲ ಎಂಬ ಕಾರಣಕ್ಕೆ ನಾನೂ ಇದನ್ನೇ ಮೆಚ್ಚುತ್ತೇನೆ.

ಒಂದೇ ಅಚ್ಚಿನ ಎಡ-ಬಲ ಚಕ್ರಗಳ ನಡುವಿನ ಸಾಧಾರಣ ಡಿಫರೆನ್ಷಿಯಲ್ ಎರಡಕ್ಕೂ ಸಮನಾದ ತಿರುಚುಬಲವನ್ನೇ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ತೂಗಾಡುತ್ತಿದ್ದರೆ ಅದನ್ನು ತಿರುಗಿಸಲು ಹೆಚ್ಚು ಬಲ ಬೇಡ. ಆ ಅಲ್ಪ ಬಲವೇ ನೆಲ ಕಚ್ಚಿರುವ ಇನ್ನೊಂದು ಚಕ್ರಕ್ಕೂ ಸಿಗುವುದರಿಂದ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಇತ್ತೀಚಿನ ವಾಹನಗಳು ಸುಮ್ಮನೆ ತಿರುಗುತ್ತಿರುವ ಚಕ್ರಕ್ಕೆ ತಾವೇ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಸಿಗುವಂತೆ ಮಾಡುತ್ತವೆ. ಹಳೆಯ ಗಾಡಿಯಾದರೆ ಹಿಂದಿನ ಅಚ್ಚಿಗೆ, ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಡಿಫರೆನ್ಷಿಯಲ್ ಲಾಕರ್ ಹಾಕಿಸುವುದನ್ನು ಯೋಚಿಸಬಹುದು. ತೂಕವನ್ನು ಹೆಚ್ಚೇನೂ ಏರಿಸದೆ ಸಾಮರ್ಥ್ಯವನ್ನು ಹೆಚ್ಚಿಸುವ ಕೆಲವೇ ಬದಲಾವಣೆಗಳಲ್ಲಿ ಅದೂ ಒಂದು. ಲೋ ರೇಂಜ್ ಗೇರನ್ನು ಅನೇಕರು ಸಿಕ್ಕಿಬಿದ್ದ ಮೇಲೆ ಬಳಸುವ ಸಾಧನವೆಂದು ತಿಳಿದಿದ್ದಾರೆ. ಅದು ವೇಗವನ್ನು ಸುಮಾರು ಅರ್ಧಕ್ಕಿಳಿಸಿ ಎಳೆತವನ್ನು ಇಮ್ಮಡಿ ಮಾಡುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಸುಡದೆ ಎಂಜಿನ್ನಿನ ಹಿಡಿತದಲ್ಲೇ ಇಳಿಯಲು, ಕಲ್ಲುಗಳ ಮೇಲೆ ಕ್ಲಚ್ಚನ್ನು ಸವೆಸದೆ ಹತ್ತಲು ಅದನ್ನು ಮೊದಲೇ ಹಾಕಿಕೊಳ್ಳಬೇಕು.

ಟೈರು ಮತ್ತು ಅದರೊಳಗಿನ ಗಾಳಿ

ಒಂದೇ ಒಂದು ಬದಲಾವಣೆಗೆ ಅವಕಾಶವಿದ್ದರೆ ನಾನು ಟೈರನ್ನು ಆರಿಸಿಕೊಳ್ಳುತ್ತೇನೆ. ಹೆದ್ದಾರಿಯ ಟೈರಿನ ಪಕ್ಕದ ಗೋಡೆ ತೆಳುವಾದದ್ದು. ಚೂಪುಗಲ್ಲಿಗೆ ಸೀಳಿದರೆ ದಾರಿಬದಿಯಲ್ಲಿ ಅದಕ್ಕೆ ನಂಬಬಹುದಾದ ದುರಸ್ತಿ ಇಲ್ಲ. ಆಲ್‌ ಟೆರೇನ್ ಟೈರು ಗಟ್ಟಿ ಪಕ್ಕಗಳೊಂದಿಗೆ ಡಾಂಬರು, ಜಲ್ಲಿ, ಮರಳುಗಳೆಲ್ಲಕ್ಕೂ ಹೊಂದುತ್ತದೆ. ಮಡ್ ಟೆರೇನ್ ಟೈರಿನ ಆಳವಾದ ಕಚ್ಚುಗಳು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತವೆ, ನಿಜ. ಆದರೆ ದೀರ್ಘ ಪ್ರಯಾಣದ ಬಹುಪಾಲು ದೂರ ಕೆಸರಿನಲ್ಲಿರುವುದಿಲ್ಲ, ಮತ್ತು ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ತೂಕ ಹೆಚ್ಚು.

ಗಾತ್ರ ಹೆಚ್ಚಿಸುವ ಆಸೆಯನ್ನೂ ಲೆಕ್ಕಕ್ಕೆ ಒಡ್ಡಿ ನೋಡಬೇಕು. ಕಾರ್ಖಾನೆಯಿಂದ ಬರುವ 195/80 ಆರ್ 15 ಟೈರಿನ ವ್ಯಾಸ 693 ಮಿಲಿಮೀಟರ್. ಅದರ ಬದಲು 235/75 ಆರ್ 15 ಹಾಕಿದರೆ ವ್ಯಾಸ ಸುಮಾರು 733 ಮಿಲಿಮೀಟರ್ ಆಗುತ್ತದೆ. ಹೆಚ್ಚಳದ ಅರ್ಧ ಮಾತ್ರ ಅಚ್ಚಿನ ಕೆಳಗೆ ಸಿಗುವುದರಿಂದ ನೆಲದಿಂದ ಅಚ್ಚು ಏರುವುದು 20 ಮಿಲಿಮೀಟರ್. ಇದಕ್ಕೆ ಪ್ರತಿಯಾಗಿ ಎಲ್ಲ ಗೇರುಗಳೂ ಸುಮಾರು ಶೇಕಡ 6ರಷ್ಟು ಉದ್ದವಾಗುತ್ತವೆ, ಅಂದರೆ ಮೊದಲೇ ಚಿಕ್ಕದಾದ ಎಂಜಿನ್ ಏರುಗಳಲ್ಲಿ ಇನ್ನಷ್ಟು ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್ 100 ತೋರಿಸುವಾಗ ನಿಜದ ವೇಗ ಮೊದಲಿದ್ದುದಕ್ಕಿಂತ ಸುಮಾರು 6 ಕಿಲೋಮೀಟರ್ ಹೆಚ್ಚಿರುತ್ತದೆ. ಬ್ರೇಕು ಹಿಡಿಯುವ ದೂರವೂ ಬೆಳೆಯುತ್ತದೆ. ಸ್ಟೆಪ್ನಿಯೂ ಸೇರಿ ಐದು ಟೈರುಗಳಿಂದ ಇಪ್ಪತ್ತು ಕಿಲೋವರೆಗೂ ತೂಕ ಏರಬಹುದು. ಸ್ಟೆಪ್ನಿ ಹಿಂಬಾಗಿಲಿಗೆ ತೂಗುವ ಗಾಡಿಗಳಲ್ಲಿ ಈ ಹೆಚ್ಚುವರಿ ಭಾರ ಕುಲುಕಾಟದಲ್ಲಿ ಬಾಗಿಲ ಕೀಲುಗಳನ್ನೇ ಬಿರುಕುಬಿಡಿಸುತ್ತದೆ. ಮೂಲ ಗಾತ್ರಕ್ಕೆ ಹತ್ತಿರವಿರುವ, ಗಟ್ಟಿ ಪಕ್ಕದ ಟೈರೇ ಉದ್ದ ಪ್ರಯಾಣಕ್ಕೆ ಲೇಸು.

ಟೈರಿನ ಗಾತ್ರಕ್ಕಿಂತ ಮುಖ್ಯವಾದದ್ದು ಗಾಳಿಯ ಒತ್ತಡ. ಸ್ಥೂಲವಾಗಿ ಹೇಳುವುದಾದರೆ, ಟೈರಿನ ಮೇಲಿನ ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನೆಲವನ್ನು ತಾಗುವ ವಿಸ್ತೀರ್ಣ ಸಿಗುತ್ತದೆ. 1,300 ಕಿಲೋ ತೂಗುವ ಗಾಡಿಯಲ್ಲಿ ಒಂದು ಚಕ್ರದ ಪಾಲಿಗೆ 325 ಕಿಲೋ ಬರುತ್ತದೆ. 26 ಪಿಎಸ್ಐ ಗಾಳಿಯಿದ್ದಾಗ ಟೈರು ನೆಲವನ್ನು ತಾಗುವುದು ಸುಮಾರು 180 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈಯಷ್ಟು. 13 ಪಿಎಸ್ಐಗೆ ಇಳಿಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಈ ಹೆಚ್ಚಳ ಬಹುತೇಕ ಉದ್ದದಲ್ಲಿ ಆಗುವುದರಿಂದ ಟೈರು ಮರಳನ್ನು ಅಗೆಯುವ ಬದಲು ಪಟ್ಟಿಯಂತೆ ಹಾಸಿಕೊಂಡು ಮೇಲೆ ಸಾಗುತ್ತದೆ. ಇಂಥ ಹಗುರ ಗಾಡಿಗೆ ಜಲ್ಲಿ ದಾರಿಯಲ್ಲಿ 20ರಿಂದ 22, ಸಡಿಲ ಮರಳಿನಲ್ಲಿ 14ರಿಂದ 16, ಹೂತೇಹೋದಾಗ ಕೊನೆಯ ಉಪಾಯವಾಗಿ 10ರಿಂದ 12 ಪಿಎಸ್ಐ ಎಂಬುದು ಆರಂಭಕ್ಕೆ ಒಳ್ಳೆಯ ಅಂದಾಜು. ಗಾಳಿ ಇಳಿಸಿದ ಟೈರಿನಲ್ಲಿ ವೇಗವಾಗಿ ಹೋದರೆ ಪಕ್ಕಗಳು ಮಡಚಿ ಬಿಚ್ಚಿ ಕಾದುಹೋಗುತ್ತವೆ, ಥಟ್ಟನೆ ಸ್ಟಿಯರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಆದ್ದರಿಂದ ಗಟ್ಟಿ ರಸ್ತೆಗೆ ಬಂದೊಡನೆ ಗಾಳಿ ತುಂಬಲೇಬೇಕು. ನಿಖರವಾದ ಒತ್ತಡ ಮಾಪಕ, ಬ್ಯಾಟರಿಗೆ ನೇರವಾಗಿ ಜೋಡಿಸುವ ಒಳ್ಳೆಯ ಕಂಪ್ರೆಸರ್, ಪಂಕ್ಚರ್ ಬತ್ತಿಗಳ ಪೆಟ್ಟಿಗೆ ಇವು ಮೂರೂ ಸೇರಿ ನಾಲ್ಕೈದು ಕಿಲೋ. ಗಾಡಿಯೊಳಗಿನ ಅತ್ಯಂತ ಯೋಗ್ಯವಾದ ಕಿಲೋಗಳು ಇವೇ.

ಸ್ಪ್ರಿಂಗು, ಸ್ಟಿಯರಿಂಗು ಮತ್ತು ಕುಲುಕಾಟ

ಗಾಡಿಯನ್ನು ಎತ್ತರಿಸುವುದು ಎಷ್ಟು ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ: ಹೊರೆ ಹೊತ್ತಾಗಲೂ ಗಾಡಿ ತನ್ನ ಮೂಲ ಎತ್ತರದಲ್ಲಿ, ಅಥವಾ ಅದಕ್ಕಿಂತ ತುಸು ಮೇಲೆ ನಿಲ್ಲುವಷ್ಟು. 40 ಮಿಲಿಮೀಟರ್ ಆಸುಪಾಸಿನ ಏರಿಕೆಗೆ ಒಗ್ಗುವ ತುಸು ಗಟ್ಟಿ ಸ್ಪ್ರಿಂಗುಗಳು ಇದಕ್ಕೆ ಸಾಕು. ಅದನ್ನು ಮೀರಿದರೆ ಒಂದರ ಹಿಂದೊಂದು ತೊಡಕು ಬರುತ್ತದೆ. ಗಟ್ಟಿ ಅಚ್ಚಿನ ಗಾಡಿ ಎತ್ತರವಾದಂತೆ ಅಚ್ಚನ್ನು ಅಡ್ಡಡ್ಡ ಹಿಡಿದಿರುವ ಪನ್ಹಾರ್ಡ್ ರಾಡ್ ಅದನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂದಿನ ಚಕ್ರಗಳು ತಿರುಗುವ ಕೀಲಿನ ಹಿಂದಕ್ಕೆ ವಾಲಿದ ಓರೆ, ಅಂದರೆ ಕ್ಯಾಸ್ಟರ್ ಕೋನ, ಕಡಿಮೆಯಾಗಿ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕಿನ ರಬ್ಬರ್ ಪೈಪು ಬಿಗಿದು ಹರಿಯಬಹುದು.

ಸ್ಪ್ರಿಂಗಿಗಿಂತ ಹೆಚ್ಚು ಗಮನ ಬೇಡುವುದು ಶಾಕ್ ಅಬ್ಸಾರ್ಬರ್. ಅದರ ಕೆಲಸವೆಂದರೆ ಕುಲುಕಾಟದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು. ಬಟ್ಟೆ ಒಗೆಯುವ ಹಲಗೆಯಂತೆ ಒತ್ತೊತ್ತಾಗಿ ಅಲೆಗಟ್ಟಿದ ಮಣ್ಣಿನ ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿದಾಗ ಅದರೊಳಗಿನ ಎಣ್ಣೆ ಕಾದು ನೊರೆಗಟ್ಟುತ್ತದೆ, ನೊರೆಗೆ ಕುಲುಕಾಟವನ್ನು ತಡೆಯುವ ಶಕ್ತಿಯಿಲ್ಲ. ಆಗಾಗ ನಿಂತು ಶಾಕ್ ಅಬ್ಸಾರ್ಬರಿನ ಹತ್ತಿರ ಕೈ ಹಿಡಿದು ಶಾಖ ಎಷ್ಟಿದೆ ನೋಡುವುದು, ಟೈರಿನ ಗಾಳಿ ತುಸು ಇಳಿಸಿ ಅದರ ಹೊರೆ ಹಗುರ ಮಾಡುವುದು, ಆರಲು ಬಿಡುವುದು, ಇವು ಸಣ್ಣ ಅಭ್ಯಾಸಗಳಾದರೂ ಪ್ರಯಾಣವನ್ನು ಉಳಿಸುತ್ತವೆ. ಹಳೆಯ ಗಾಡಿಯಾದರೆ ರಬ್ಬರ್ ಬುಷ್‌ಗಳು, ಟೈ ರಾಡ್ ತುದಿಗಳು, ಮುಂದಿನ ಕಿಂಗ್‌ಪಿನ್ ಬೇರಿಂಗುಗಳನ್ನು ಹೊರಡುವ ಮೊದಲೇ ಬದಲಿಸುವುದು ಒಳಿತು. ಗಟ್ಟಿ ಅಚ್ಚಿನ ಚಿಕ್ಕ ಗಾಡಿಗಳಲ್ಲಿ ಒಂದು ನಿರ್ದಿಷ್ಟ ವೇಗದಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ರಭಸದಿಂದ ಅದುರತೊಡಗುವುದಕ್ಕೆ ಸಾಮಾನ್ಯವಾಗಿ ಇವುಗಳ ಸವೆತ ಮತ್ತು ಸಮತೋಲನ ತಪ್ಪಿದ ಚಕ್ರಗಳೇ ಕಾರಣ. ಹೊಸ ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಅದುರನ್ನು ಅಡಗಿಸುವವರಿದ್ದಾರೆ. ಅದು ರೋಗವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಮಾಡಿದಂತೆ.

ಶಾಖ, ನೀರು, ದೂಳು

ರೇಡಿಯೇಟರ್, ಅದರ ಮುಚ್ಚಳ, ಹೋಸ್ ಪೈಪುಗಳು, ಥರ್ಮೋಸ್ಟಾಟ್, ಫ್ಯಾನ್ ಬೆಲ್ಟ್ ಇವುಗಳ ವಯಸ್ಸು ಗೊತ್ತಿಲ್ಲದಿದ್ದರೆ ಬದಲಿಸಿಬಿಡಬೇಕು. ತೆಗೆದ ಹಳೆಯ ಬೆಲ್ಟ್ ಚೆನ್ನಾಗಿದ್ದರೆ ಅದೇ ಬಿಡಿಭಾಗವಾಗಿ ಜೊತೆಗೆ ಬರಲಿ. ಎತ್ತರದ ದಾರಿಯಾದರೆ ಇನ್ನೊಂದು ವಿಷಯವಿದೆ. ಸಮುದ್ರಮಟ್ಟದಿಂದ 4,000 ಮೀಟರ್ ಮೇಲೆ ಗಾಳಿಯ ಒತ್ತಡ ಕೆಳಗಿನದರ ಶೇಕಡ 60ರಷ್ಟು ಮಾತ್ರ. ಟರ್ಬೊ ಇಲ್ಲದ ಚಿಕ್ಕ ಎಂಜಿನ್ ಅಲ್ಲಿ ತನ್ನ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಬಯಲಿನಲ್ಲಿ ಸಲೀಸಾಗಿ ಹೊತ್ತ ಹೊರೆ ಅಲ್ಲಿ ಲೋ ರೇಂಜಿನಲ್ಲಿ ತೆವಳುವಂತೆ ಮಾಡುತ್ತದೆ.

ಹಳ್ಳ ದಾಟುವಾಗ ಎಂಜಿನ್ನಿಗೆ ಒದಗುವ ಅಪಾಯ ಎಲ್ಲರಿಗೂ ಗೊತ್ತು: ನೀರು ಗಾಳಿಯಂತೆ ಕುಗ್ಗುವುದಿಲ್ಲ, ಸಿಲಿಂಡರಿನೊಳಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದಕ್ಕಾಗಿ ಗಾಳಿ ಸೇದುವ ಬಾಯಿಯನ್ನು ಮೇಲಕ್ಕೆ ಒಯ್ಯುವ ಸ್ನಾರ್ಕೆಲ್ ಹಾಕುತ್ತಾರೆ. ಆದರೆ ಅಷ್ಟಾಗಿ ಗಮನಕ್ಕೆ ಬಾರದ ಅಪಾಯ ಅಚ್ಚುಗಳೊಳಗಿದೆ. ಓಡಿ ಬಿಸಿಯಾದ ಅಚ್ಚು ತಣ್ಣೀರಿಗೆ ಇಳಿದೊಡನೆ ಅದರೊಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಸೇದುತ್ತದೆ. ಅಚ್ಚಿನ ಒಳಗಾಳಿ ಹೋಗಿ ಬರುವ ಕಿಂಡಿಯಾದ ಬ್ರೀದರ್ ನೀರಿನಲ್ಲಿ ಮುಳುಗಿದ್ದರೆ, ಅಥವಾ ಕೆಸರು ಮೆತ್ತಿ ಮುಚ್ಚಿಹೋಗಿದ್ದರೆ, ಬ್ರೀದರಿನ ಮೂಲಕವೋ ಸೀಲುಗಳ ಸಂದಿಯಿಂದಲೋ ನೀರು ಒಳನುಗ್ಗಿ ಗೇರ್ ಎಣ್ಣೆಯೊಂದಿಗೆ ಬೆರೆಯುತ್ತದೆ. ಎರಡು ಅಚ್ಚು, ಗೇರ್ ಬಾಕ್ಸ್, ಬಲವನ್ನು ಮುಂದಿನ-ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರುಗಳಿಗೆ ರಬ್ಬರ್ ಕೊಳವೆ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗಕ್ಕೆ ಒಯ್ಯುವುದು ಒಂದು ಮಧ್ಯಾಹ್ನದ ಕೆಲಸ, ತೂಕ ಅರ್ಧ ಕಿಲೋ ಕೂಡ ಇಲ್ಲ. ಸ್ನಾರ್ಕೆಲ್ಲಿಗಿಂತ ಮೊದಲು ಇದು ಆಗಬೇಕು. ಆಳದ ನೀರು ದಾಟಿದ ದಿನ ಅಚ್ಚಿನ ಎಣ್ಣೆಯನ್ನು ತುಸು ತೆಗೆದು ನೋಡಬೇಕು. ಅದು ಹಾಲು ಬೆರೆತಂತೆ ಬೆಳ್ಳಗಿದ್ದರೆ ಬದಲಿಸದೆ ಮುಂದೆ ಹೋಗಬಾರದು.

ದೂಳಿನ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಏರ್ ಫಿಲ್ಟರ್ ಸರಿಯಾಗಿ ಕೂತಿದೆಯೇ, ಅದರಿಂದ ಎಂಜಿನ್ನಿಗೆ ಹೋಗುವ ಕೊಳವೆಯ ಕ್ಲಿಪ್ಪುಗಳು ಬಿಗಿಯಾಗಿವೆಯೇ ನೋಡಿ, ಜೊತೆಗೊಂದು ಹೊಸ ಫಿಲ್ಟರ್ ಇಟ್ಟುಕೊಳ್ಳಬೇಕು. ಎತ್ತರದ ಒಣಹುಲ್ಲಿನ ನಡುವೆ ಓಡುವಾಗ ಮಾತ್ರ ಆಗಾಗ ನಿಂತು ಗಾಡಿಯ ಅಡಿಯಲ್ಲಿ ಇಣುಕಲೇಬೇಕು. ಸೈಲೆನ್ಸರಿನ ಬಿಸಿ ಭಾಗಗಳ ಸುತ್ತ ಸಿಕ್ಕಿಕೊಂಡ ಹುಲ್ಲಿನಿಂದ ವಾಹನಗಳು ಸುಟ್ಟುಹೋಗಿವೆ. ಬೆಂಕಿ ಆರಿಸುವ ಸಾಧನ ಚಾಲಕನ ಕೈಗೆಟಕುವಲ್ಲಿರಬೇಕು, ಸಾಮಾನುಗಳ ಅಡಿಯಲ್ಲಲ್ಲ.

ವಿದ್ಯುತ್ತಿನ ಏರ್ಪಾಟಿನಲ್ಲೂ ತೂಕವೇ ಮಾತಾಡುತ್ತದೆ. ಚಿಕ್ಕ ಫ್ರಿಜ್ ಒಂದು ದಿನಕ್ಕೆ ಸುಮಾರು 30 ಆಂಪಿಯರ್-ಅವರ್ ಬೇಡುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಅದಕ್ಕೆ ಇಪ್ಪತ್ತು ಕಿಲೋ ಮೀರುವ ಎರಡನೆಯ ಬ್ಯಾಟರಿ ಬೇಕು. ಅದೇ ಕೆಲಸವನ್ನು ಆರೇಳು ಕಿಲೋದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮಾಡುತ್ತದೆ, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು. ಫ್ರಿಜ್ಜೇ ಬೇಡವೆಂದು ಒಣ ಆಹಾರ ಒಯ್ಯುವುದು ಮೂರನೆಯ ದಾರಿ. ಚಿಕ್ಕ ಗಾಡಿಗೆ ಅದೇ ಹೊಂದುತ್ತದೆಂದು ನನ್ನ ಎಣಿಕೆ. ಯಾವುದೇ ಹೊಸ ತಂತಿ ಎಳೆದರೂ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ತಂತಿ ಎಲ್ಲೋ ಉಜ್ಜಿ ಚಾಸಿಗೆ ತಾಗಿದಾಗ ಬೆಂಕಿಯನ್ನು ತಡೆಯುವುದು ಅದೊಂದೇ.

ಹೂತಾಗ ಬಿಡಿಸಿಕೊಳ್ಳುವ ಬಗೆ

ವಿಂಚ್ ಆರಿಸುವವರು ಒಟ್ಟು ತೂಕದ ಮಿತಿಯ ಒಂದೂವರೆ ಪಟ್ಟು ಎಳೆಯುವಂಥದನ್ನು ನೋಡುವುದು ವಾಡಿಕೆ. 1,435 ಕಿಲೋ ಮಿತಿಯ ಗಾಡಿಗೆ ಅದು ಸುಮಾರು 2,150 ಕಿಲೋ. ಆ ಪೂರ್ಣಬಲ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಮೊದಲ ಪದರ ಮಾತ್ರ ಉಳಿದಾಗ; ಮೇಲೆ ಪದರಗಳು ಹೆಚ್ಚಿದಂತೆ ಬಲ ಇಳಿಯುತ್ತದೆ. ರಾಟೆಯೊಂದನ್ನು ನಡುವೆ ಹಾಕಿದರೆ ಎಳೆತ ಇಮ್ಮಡಿಯಾಗಿ ವೇಗ ಅರ್ಧವಾಗುತ್ತದೆ. ಇಷ್ಟೆಲ್ಲ ಅನುಕೂಲವಿದ್ದರೂ, ಮರವಿಲ್ಲದ ಮರಳಿನಲ್ಲಿ ವಿಂಚಿಗೆ ಕಟ್ಟಿಕೊಳ್ಳಲು ಏನೂ ಇರುವುದಿಲ್ಲ. ಗಾಡಿಯ ಮೂತಿಯ ಮೇಲೆ ಸದಾ ಕೂತಿರುವ ಆ ಭಾರದ ಬದಲು ಗಟ್ಟಿ ಸಲಿಕೆ, ಚಕ್ರದಡಿ ಇಡುವ ಎರಡು ಟ್ರ್ಯಾಕ್ಷನ್ ಹಲಗೆಗಳು, ಕಂಪ್ರೆಸರ್ ಮತ್ತು ಒಂದು ಹಿಗ್ಗುವ ಹಗ್ಗ ಇವೇ ಚಿಕ್ಕ ಗಾಡಿಗೆ ಹೆಚ್ಚು ಒದಗಿಬರುತ್ತವೆ. ಹೂತ ಗಾಡಿಯ ಚಕ್ರವನ್ನು ಸುಮ್ಮನೆ ತಿರುಗಿಸದೆ, ಇಳಿದು, ಗಾಳಿ ಇಳಿಸಿ, ಅಚ್ಚಿನ ಅಡಿಯ ಮಣ್ಣನ್ನು ತೋಡಿ ತೆಗೆದರೆ ಹಗುರ ಗಾಡಿ ಬಹಳ ಸಲ ತಾನಾಗಿಯೇ ಹೊರಬರುತ್ತದೆ.

ಹಿಗ್ಗುವ ಹಗ್ಗದಿಂದ ಇನ್ನೊಂದು ವಾಹನ ಎಳೆಯುವಾಗ ಅದರಲ್ಲಿ ತುಂಬಿಕೊಳ್ಳುವ ಶಕ್ತಿ ಜೀವ ತೆಗೆಯುವಷ್ಟಿರುತ್ತದೆ. ಬಂಪರಿನ ಅಡಿಯಲ್ಲಿ ಕಾಣುವ ತೆಳ್ಳನೆಯ ಕೊಂಡಿಗಳು ಗಾಡಿಯನ್ನು ಹಡಗಿನಲ್ಲೋ ಲಾರಿಯಲ್ಲೋ ಕಟ್ಟಿಡಲು ಇರುವಂಥವು. ಟ್ರೇಲರ್ ಎಳೆಯುವ ಗುಂಡು ಕೂಡ ಈ ಕೆಲಸಕ್ಕಲ್ಲ, ಅದು ಮುರಿದು ಚಿಮ್ಮಿದಾಗ ಜನ ಸತ್ತಿದ್ದಾರೆ. ಚಾಸಿಗೆ ಬೋಲ್ಟ್ ಮಾಡಿದ, ಇಂತಿಷ್ಟು ಬಲ ತಡೆಯುತ್ತದೆಂದು ನಮೂದಿಸಿದ ಎಳೆಗೊಂಡಿಗಳನ್ನು ಮುಂದೆಯೂ ಹಿಂದೆಯೂ ಹಾಕಿಸುವುದು ಕಡ್ಡಾಯವೆಂದೇ ನಾನು ತಿಳಿಯುತ್ತೇನೆ. ಎಳೆಯುವಾಗ ಹಗ್ಗದ ಮೇಲೆ ಭಾರದ ಬಟ್ಟೆಯೊಂದನ್ನು ಹಾಕಿ, ನೋಡುವವರು ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ನಿಲ್ಲಬೇಕು. ಕಾರ್ಖಾನೆಯ ಜಾಕಿಯನ್ನೂ ಪರೀಕ್ಷಿಸಿ: ಎತ್ತರಿಸಿದ ಗಾಡಿಗೆ ಅದು ಎಟಕುತ್ತದೆಯೇ? ಮೆತ್ತನೆಯ ನೆಲದಲ್ಲಿ ಅದರಡಿ ಇಡಲು ದಪ್ಪ ಮರದ ಹಲಗೆ ಇದೆಯೇ?

ಇಂಧನ, ನೀರು, ಉಳಿದ ಕಿಲೋಗಳು

ಇಂಧನವನ್ನು ಕಿಲೋಮೀಟರಿಗಿಂತ ನೆಲದ ಬಗೆಯಿಂದ ಅಳೆಯಬೇಕು. ಒಂದು ಬಂಕಿನಿಂದ ಇನ್ನೊಂದಕ್ಕೆ 500 ಕಿಲೋಮೀಟರ್ ಅಂತರವಿದ್ದು, ಅದರಲ್ಲಿ 350 ಜಲ್ಲಿ ದಾರಿ, 150 ಮರಳು ಎಂದುಕೊಳ್ಳೋಣ. ಹೊರೆ ಹೊತ್ತ ಚಿಕ್ಕ ಪೆಟ್ರೋಲ್ ಗಾಡಿ ಜಲ್ಲಿಯಲ್ಲಿ ಲೀಟರಿಗೆ 11, ಮರಳಿನಲ್ಲಿ 6.5 ಕಿಲೋಮೀಟರ್ ಕೊಟ್ಟರೆ ಬೇಕಾದದ್ದು 55 ಲೀಟರ್; ದಾರಿ ತಪ್ಪುವುದು, ಹಿಂತಿರುಗುವುದು, ಹೂತು ತಿಣುಕುವುದು ಇವಕ್ಕೆಂದು ಕಾಲುಭಾಗ ಸೇರಿಸಿದರೆ ಸುಮಾರು 69 ಲೀಟರ್. ಟ್ಯಾಂಕು 40 ಲೀಟರಿನದಾದರೆ 20 ಲೀಟರಿನ ಎರಡು ಜೆರ್ರಿಕ್ಯಾನ್ ಬೇಕು. ಪೆಟ್ರೋಲಿನ ತೂಕ ಲೀಟರಿಗೆ ಸುಮಾರು 740 ಗ್ರಾಂ; ಕ್ಯಾನಿನ ತೂಕವೂ ಸೇರಿ ಒಂದೊಂದು 19 ಕಿಲೋ, ಎರಡಕ್ಕೆ 38. ಕ್ಯಾನನ್ನು ತುಂಬುವಾಗ ನೆಲದ ಮೇಲಿಟ್ಟು ತುಂಬಬೇಕು, ಬಿಸಿಲಿಗೆ ಹಿಗ್ಗಲು ಮೇಲೆ ಜಾಗ ಬಿಡಬೇಕು, ಜನ ಕೂರುವ ಜಾಗದಲ್ಲಿ ಇಡಬಾರದು.

ನೀರು ಒಬ್ಬರಿಗೆ ದಿನಕ್ಕೆ 5 ಲೀಟರ್. ಇಬ್ಬರಿಗೆ, ನೀರು ಸಿಗದ ನಾಲ್ಕು ದಿನಗಳಿಗೆ, ಗಾಡಿ ಕೆಟ್ಟು ನಿಂತರೆಂದು ಇನ್ನು ಮೂರು ದಿನಗಳಿಗೆ: 70 ಲೀಟರ್, ಡಬ್ಬಿಗಳೂ ಸೇರಿ 75 ಕಿಲೋ. ಒಂದೇ ದೊಡ್ಡ ತೊಟ್ಟಿಯ ಬದಲು ಹಲವು ಡಬ್ಬಿಗಳಲ್ಲಿ ಹಂಚಿಟ್ಟರೆ ಒಂದು ಸೋರಿದರೂ ಉಳಿದದ್ದು ಇರುತ್ತದೆ. ಈಗ ಮೊದಲಿನ ಲೆಕ್ಕಕ್ಕೆ ಮರಳಿ ನೋಡಿ. ಇಬ್ಬರ ತೂಕ ಕಳೆದು ಉಳಿದ 185 ಕಿಲೋದಲ್ಲಿ ಇಂಧನಕ್ಕೂ ನೀರಿಗೂ 113 ಹೋದರೆ, ಆಹಾರ, ಹಾಸಿಗೆ, ಡೇರೆ, ಹತ್ಯಾರು, ಬಿಡಿಭಾಗ, ಸಲಿಕೆ, ಹಲಗೆ, ಔಷಧಿ ಪೆಟ್ಟಿಗೆ ಎಲ್ಲಕ್ಕೂ ಸೇರಿ ಉಳಿಯುವುದು 72 ಕಿಲೋ. ನೆಲದ ಮೇಲೆ ಹಾಕುವ ಮೂರು ಕಿಲೋದ ಡೇರೆ 55 ಕಿಲೋದ ಮೇಲ್ಚಾವಣಿ ಡೇರೆಗಿಂತ ಏಕೆ ಜಾಣ ಆಯ್ಕೆ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹತ್ಯಾರುಗಳ ಪೆಟ್ಟಿಗೆಯನ್ನು ಹಗುರವಾಗಿಡಲು ಒಂದು ಒಳ್ಳೆಯ ವಿಧಾನವಿದೆ. ಪ್ರಯಾಣಕ್ಕೆ ಮುಂಚಿನ ಸರ್ವಿಸನ್ನು, ಅಂದರೆ ಎಣ್ಣೆಗಳು, ಫಿಲ್ಟರ್, ಬೆಲ್ಟ್, ಬ್ರೇಕ್ ಪ್ಯಾಡ್, ಚಕ್ರದ ಬೇರಿಂಗ್ ಇವುಗಳ ಕೆಲಸವನ್ನು, ಜೊತೆಗೆ ಒಯ್ಯಲಿರುವ ಹತ್ಯಾರುಗಳಿಂದಲೇ ಮಾಡಿ ಮುಗಿಸುವುದು. ಯಾವ ಸ್ಪ್ಯಾನರ್ ಇಲ್ಲವೆಂದೂ ಯಾವುದು ಒಮ್ಮೆಯೂ ಕೈಗೆ ಬರಲಿಲ್ಲವೆಂದೂ ಆಗ ತಿಳಿಯುತ್ತದೆ. ಬಿಡಿಭಾಗಗಳಲ್ಲಿ ಗಾಡಿಯನ್ನು ನಿಲ್ಲಿಸಿಬಿಡಬಲ್ಲ ಚಿಕ್ಕ ವಸ್ತುಗಳಿಗೆ ಆದ್ಯತೆ: ಬೆಲ್ಟ್, ಹೋಸ್, ಫ್ಯೂಸ್, ಇಂಧನ ಫಿಲ್ಟರ್, ಟ್ಯೂಬು, ಯೂನಿವರ್ಸಲ್ ಜಾಯಿಂಟ್, ಒಂದು ಟೈ ರಾಡ್ ತುದಿ, ಲೋಹಕ್ಕೆ ಹತ್ತುವ ಎಪಾಕ್ಸಿ ಅಂಟು, ತಂತಿ.

ಎಲ್ಲ ಸಿದ್ಧವಾದ ಮೇಲೆ, ಪೂರ್ತಿ ಹೊರೆಯೊಂದಿಗೆ, ಎರಡು ರಾತ್ರಿಗಳ ಒಂದು ಪರೀಕ್ಷಾ ಪ್ರಯಾಣ ಆಗಲೇಬೇಕು. ಮೊದಲ 100 ಕಿಲೋಮೀಟರಿನಲ್ಲೇ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿಯಬೇಕಾಗಬಹುದು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಕ್ಯಾರಿಯರಿನ ಬೋಲ್ಟುಗಳ ತಲೆಯಿಂದ ಪಕ್ಕದ ಲೋಹಕ್ಕೆ ಬಣ್ಣದ ಗೆರೆಯೊಂದನ್ನು ಎಳೆದಿಟ್ಟರೆ, ಬೆಳಿಗ್ಗೆ ಒಮ್ಮೆ ಬಗ್ಗಿ ನೋಡಿದೊಡನೆ ಯಾವುದು ಸಡಿಲವಾಗಿದೆ ಎಂಬುದು ಗೆರೆ ಮುರಿದಿರುವುದರಿಂದ ಗೊತ್ತಾಗುತ್ತದೆ. ಮೊಬೈಲ್ ಸಂಕೇತ ಸಿಗದ ಪ್ರದೇಶಕ್ಕೆ ಹೋಗುವವರು 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಒಂದನ್ನು ನೋಂದಾಯಿಸಿ ಒಯ್ಯಬೇಕು. 1982ರಿಂದ ಕೆಲಸ ಮಾಡುತ್ತಿರುವ ಕಾಸ್ಪಾಸ್-ಸಾರ್ಸಾಟ್ ಉಪಗ್ರಹ ವ್ಯವಸ್ಥೆ ಅದರ ಕರೆಯನ್ನು ಹಿಡಿದು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತದೆ. ಹೋಗುವ ದಾರಿ ಮತ್ತು ಮರಳುವ ದಿನವನ್ನು ಮನೆಯಲ್ಲಿರುವ ಒಬ್ಬರಿಗೆ ಬರೆದುಕೊಟ್ಟು, ಯಾವ ದಿನ ಯಾವ ಹೊತ್ತು ಮೀರಿದರೆ ಯಾರಿಗೆ ತಿಳಿಸಬೇಕೆಂಬುದನ್ನೂ ಅದರಲ್ಲೇ ಬರೆಯಬೇಕು. ಪರೀಕ್ಷಾ ಪ್ರಯಾಣದಿಂದ ಬಂದ ದಿನವೇ ಗಾಡಿಯ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ಔಷಧಿ, ತುರ್ತು ಸಾಧನ, ಬಿಡಿಭಾಗಗಳನ್ನು ಬೇರೆಯಿಟ್ಟು, ಉಳಿದವುಗಳಲ್ಲಿ ಎರಡು ದಿನವೂ ಕೈಗೆ ಬಾರದ ವಸ್ತುಗಳನ್ನು ಮನೆಯೊಳಗಿಟ್ಟು, ಮತ್ತೊಮ್ಮೆ ವೇಬ್ರಿಡ್ಜಿಗೆ ಹೋಗಿ ಬರಬೇಕು.